ಶ್ವಾಸರೋಗದ ಹೊಸ ಔಷಧಗಳೂ ಅವುಗಳ ದೀರ್ಘಕಾಲದ ಪರೀಕ್ಷೆಯೂ

ಒಂದು ಔಷಧವು ರೋಗಿಯ ಬಾಧೆಯನ್ನು ಇಂದು ಕಡಿಮೆಮಾಡುವದು ಒಂದು ಸಂಗತಿ. ಅದನ್ನೇ ದಿನಂಪ್ರತಿ ನಾಲ್ಕೈದು ವರ್ಷ ಸೇವಿಸಿದರೂ ಹಾನಿಯುಂಟಾಗದೆಂಬದು ಇನ್ನೊಂದು ಸಂಗತಿ. ಮೊದಲನೆಯದನ್ನು ರೋಗಿಯೇ ಅರ್ಧ ತಾಸಿನೊಳಗೆ ಹೇಳಬಲ್ಲಳು. ಎರಡನೆಯದನ್ನು ಆಕೆಯೂ ಹೇಳಲಾರಳು. ಆಕೆಯ ವೈದ್ಯರು ಎಷ್ಟು ಅನುಭವಶಾಲಿಗಳಾದರೂ ತಮ್ಮ ಒಬ್ಬರ ಅನುಭವದಿಂದಲೇ ಹೇಳಲಾರರು. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಹೇಗೆ ಹುಡುಕುತ್ತಾರೆಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ವಿವರಿಸಬೇಕೆಂಬದು ನಮ್ಮ ಉದ್ದೇಶ. ಯಾಕಂದರೆ ಮನೆಯಲ್ಲಿ ರೋಗಿಯ ಮಗ್ಗುಲಲ್ಲಿ ಕುಳಿತು ಔಷಧವನ್ನು ಕೈಗೆ ಕೊಡುವವರು ಬಹುತರವಾಗಿ ಇವರೇ.

1. ರೋಗದ ಸ್ವರೂಪ

ವೈದ್ಯರು ಸಿ. ಓ. ಪಿ. ಡಿ. ಎಂದು ಕರೆಯುವ ದೀರ್ಘಕಾಲದ ಶ್ವಾಸಕೋಶವ್ಯಾಧಿಯಲ್ಲಿ ಶ್ವಾಸನಾಳಗಳು ಬಾತುಕೊಂಡು ಕಫದಿಂದ ಕಟ್ಟಿಹೋಗುತ್ತವೆ. ಗಾಳಿಯನ್ನು ಹಿಡಿಯುವ ಅತಿ ಸಣ್ಣ ಚೀಲಗಳ ಗೋಡೆಗಳು ನಾಶವಾಗುತ್ತವೆ. ಒಳಗೆ ಹೋದ ಗಾಳಿಯು ಸರಾಗವಾಗಿ ಹೊರಗೆ ಬರುವದಿಲ್ಲ. ಮೊದಲು ಮೆಟ್ಟಿಲೇರುವಾಗ ಮಾತ್ರ ಕಾಣುವ ಏದುಸಿರು ಕ್ರಮೇಣ ತಲೆ ಬಾಚಿಕೊಳ್ಳುವಾಗಲೂ ಕಾಣಿಸುತ್ತದೆ. ಇದಕ್ಕೆ ತಂಬಾಕಿನ ಹೊಗೆಯು ಮುಖ್ಯ ಕಾರಣವಾಗಿದ್ದರೂ, ಬೀಡಿಯನ್ನು ಎಂದೂ ಮುಟ್ಟದ ಅನೇಕ ಸ್ತ್ರೀಯರು ಸೌದೆ ಬೆರಣಿಗಳ ಒಲೆಯ ಮುಂದೆ ಹತ್ತಾರು ವರ್ಷ ಕುಳಿತದ್ದರಿಂದಲೇ ಇದಕ್ಕೆ ಒಳಗಾಗಿರುತ್ತಾರೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರು ಈ ರೋಗದಿಂದ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ.

ಹಾಳಾದ ಗಾಳಿಚೀಲಗಳನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಇರುವ ಔಷಧಗಳು ನಾಳಗಳನ್ನು ಸಡಿಲಿಸಿ ಉಸಿರಾಟವನ್ನು ಹಗುರಮಾಡುವವು, ಇಲ್ಲವೆ ಬಾವನ್ನು ತಗ್ಗಿಸುವವು. ಚಳಿಜ್ವರಕ್ಕೆ ಕೊಡುವ ಮದ್ದಿನಂತೆ ಇವನ್ನು ಒಂದು ವಾರ ತೆಗೆದುಕೊಂಡು ನಿಲ್ಲಿಸುವ ಹಾಗಿಲ್ಲ. ಬಹಳ ಮಂದಿ ಬದುಕಿರುವವರೆಗೂ ಸೇವಿಸಬೇಕಾಗುತ್ತದೆ. ಆದಕಾರಣ ಅಲ್ಪಕಾಲದ ಪರೀಕ್ಷೆಯು ಇವುಗಳ ವಿಷಯದಲ್ಲಿ ಸಾಲದು.

2. ಹಿಂದಿನ ಒಂದು ಎಚ್ಚರಿಕೆ

ಅಲ್ಪಕಾಲದ ಸುಖವನ್ನು ನಂಬಿದರೆ ಏನಾಗಬಹುದೆಂಬದನ್ನು ಈ ರೋಗಕ್ಕೆ ಸಮೀಪವಾದ ಉಬ್ಬಸದ ಚರಿತ್ರೆಯು ತೋರಿಸುತ್ತದೆ. 1960ರ ನಂತರ ಇಂಗ್ಲೆಂಡ್ ವೇಲ್ಸ್ ದೇಶಗಳಲ್ಲಿ ಐಸೊಪ್ರೆನಲೀನ್ ಎಂಬ ಔಷಧವನ್ನು ಕೈಯಲ್ಲಿ ಹಿಡಿಯುವ ಇನ್‌ಹೇಲರುಗಳಲ್ಲಿ ತುಂಬಿ ಮಾರುತ್ತಿದ್ದರು. ಒತ್ತಿದ ಕೂಡಲೇ ಉಸಿರು ಬಿಡುಗಡೆಯಾಗುತ್ತಿತ್ತು; ಹೆಚ್ಚು ಬಲವುಳ್ಳ ಮಾದರಿಗಳೂ ಬಂದವು. ಅದೇ ವರ್ಷಗಳಲ್ಲಿ ಉಬ್ಬಸದಿಂದ ಸಾಯುವ ಎಳೆಯರ ಸಂಖ್ಯೆಯು ಏರತೊಡಗಿತು. 10ರಿಂದ 14 ವರ್ಷದ ಮಕ್ಕಳಲ್ಲಿ ಅದು ಹಲವು ಪಟ್ಟು ಹೆಚ್ಚಿತು. ವೈದ್ಯರಿಗೆ ಎಚ್ಚರಿಕೆಯನ್ನು ಕೊಟ್ಟು, 1968ರಲ್ಲಿ ವೈದ್ಯರ ಚೀಟಿಯಿಲ್ಲದೆ ಈ ಇನ್‌ಹೇಲರುಗಳನ್ನು ಮಾರಕೂಡದೆಂದು ವಿಧಿಸಿದ ಸುಮಾರಿಗೆ ಮರಣಗಳು ಇಳಿದವು.

ಔಷಧವೇ ಹೃದಯಕ್ಕೆ ವಿಷವಾಯಿತೆಂದು ಕೆಲವರು ಹೇಳಿದರು. ತಾತ್ಕಾಲಿಕ ಸುಖದಿಂದ ಮೋಸಹೋಗಿ, ರೋಗವು ಉಲ್ಬಣಿಸಿದಾಗಲೂ ಮನೆಯವರು ಆಸ್ಪತ್ರೆಗೆ ಹೋಗಲು ತಡಮಾಡಿದರೆಂದು ಬೇರೆ ಕೆಲವರು ಹೇಳಿದರು. ಎರಡರಲ್ಲಿ ಯಾವದು ಎಷ್ಟು ನಿಜವೆಂದು ತೀರ್ಮಾನಿಸುವದು ಕಷ್ಟವಾಯಿತು. ಯಾಕಂದರೆ ಔಷಧವನ್ನು ಊರೆಲ್ಲ ಹಂಚಿದ ಮೇಲೆ ಸಾವುಗಳನ್ನು ಎಣಿಸಿದರೇ ಹೊರತು, ಹಂಚುವದಕ್ಕೆ ಮುಂಚೆ ಬಹುಜನರಲ್ಲಿ ಬಹುಕಾಲ ಪರೀಕ್ಷಿಸಿರಲಿಲ್ಲ.

3. ಎಷ್ಟು ಜನರು, ಎಷ್ಟು ಕಾಲ?

ಇಲ್ಲಿ ಸ್ವಲ್ಪ ಗಣಿತವು ಬೇಕಾಗುತ್ತದೆ. ಒಂದು ಔಷಧವು ಸಾವಿರದಲ್ಲಿ ಒಬ್ಬರಿಗೆ ಪ್ರಾಣಾಪಾಯವನ್ನುಂಟುಮಾಡುತ್ತದೆಂದು ಭಾವಿಸೋಣ. 300 ಜನರಿಗೆ ಕೊಟ್ಟು ನೋಡಿದರೆ ಅಂಥ ಒಂದು ಅಪಾಯವೂ ಕಣ್ಣಿಗೆ ಬೀಳದಿರುವ ಸಂಭವವು ನೂರಕ್ಕೆ 74ರಷ್ಟಿದೆ. ‘ಮುನ್ನೂರು ಜನರಿಗೆ ಕೊಟ್ಟೆವು, ಯಾರಿಗೂ ಏನೂ ಆಗಲಿಲ್ಲ’ ಎಂಬ ಮಾತು ಸತ್ಯವಾಗಿದ್ದರೂ ಅದು ಭದ್ರತೆಗೆ ಸಾಕ್ಷಿಯಲ್ಲ. ಒಂದು ಅಪಾಯವಾದರೂ ಕಾಣಬೇಕೆಂದು ನೂರಕ್ಕೆ 95ರಷ್ಟು ಭರವಸೆ ಬೇಕಾದರೆ 3,000 ಜನರನ್ನು ನೋಡಬೇಕು. ಸಾವಿರವನ್ನು ಮೂರರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಹತ್ತು ಸಾವಿರಕ್ಕೆ ಒಂದಾದರೆ 30,000 ಜನರು ಬೇಕು.

ಸಂಖ್ಯೆಯೊಂದೇ ಸಾಲದು, ಹೋಲಿಕೆಯೂ ಬೇಕು. ಈ ರೋಗಿಗಳಲ್ಲಿ ಬಹಳ ಮಂದಿ ವಯಸ್ಸಾದವರು. ಅನೇಕರಿಗೆ ಹೃದ್ರೋಗವೂ ಇರುತ್ತದೆ. ಔಷಧ ತೆಗೆದುಕೊಳ್ಳುತ್ತಿದ್ದವರು ಸತ್ತರೆಂದ ಮಾತ್ರಕ್ಕೆ ಔಷಧದಿಂದ ಸತ್ತರೆಂದು ಹೇಳಕೂಡದು. ಆದುದರಿಂದ ಒಪ್ಪಿಗೆ ಕೊಟ್ಟ ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಭಾಗಿಸಿ, ಒಂದು ಗುಂಪಿಗೆ ಹೊಸ ಔಷಧವನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದನ್ನೂ ಕೊಡುತ್ತಾರೆ. ಯಾರಿಗೆ ಯಾವದು ಸಿಕ್ಕಿತೆಂಬದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಡುತ್ತಾರೆ. ಹೊರಗಿನ ತಜ್ಞರ ಒಂದು ಮಂಡಲಿಯು ಮಧ್ಯೆ ಮಧ್ಯೆ ಲೆಕ್ಕಗಳನ್ನು ನೋಡಿ, ಹಾನಿಯು ಸ್ಪಷ್ಟವಾದರೆ ಪರೀಕ್ಷೆಯನ್ನು ನಿಲ್ಲಿಸಲು ಹೇಳಬಹುದು. ಬೇಡವೆನಿಸಿದವರು ಯಾವಾಗ ಬೇಕಾದರೂ ಬಿಟ್ಟುಹೋಗಬಹುದು.

4. ನೆನಸದೆ ಕಂಡುಬಂದ ಹಾನಿ

ಇಂಥ ಪರೀಕ್ಷೆಗಳಲ್ಲಿ ಹೆಸರಾದದ್ದು ‘ಟಾರ್ಚ್’ ಎಂಬದು. ಇದರ ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಇದರಲ್ಲಿ 6,112 ರೋಗಿಗಳನ್ನು ಮೂರು ವರ್ಷ ನೋಡಿಕೊಂಡರು. ಗುಂಪುಗಳು ನಾಲ್ಕು: ನಾಳಗಳನ್ನು ಸಡಿಲಿಸುವ ಸಾಲ್ಮೆಟೆರಾಲ್, ಬಾವನ್ನು ತಗ್ಗಿಸುವ ಫ್ಲುಟಿಕಸೋನ್, ಎರಡೂ ಸೇರಿದ್ದು, ಹುಸಿಮದ್ದು. ಎರಡೂ ಸೇರಿದ ಔಷಧವು ಮರಣಗಳನ್ನು ತಗ್ಗಿಸುವದೋ ಎಂಬದು ಮುಖ್ಯ ಪ್ರಶ್ನೆ. ಹುಸಿಮದ್ದಿನವರಲ್ಲಿ ನೂರಕ್ಕೆ 15.2, ಎರಡೂ ಔಷಧ ಪಡೆದವರಲ್ಲಿ ನೂರಕ್ಕೆ 12.6 ಮಂದಿ ಮೂರು ವರ್ಷಗಳಲ್ಲಿ ತೀರಿಕೊಂಡಿದ್ದರು. ಈ ವ್ಯತ್ಯಾಸವು ಆಕಸ್ಮಿಕವಲ್ಲವೆಂದು ಹೇಳಲು ಮೊದಲೇ ಗೊತ್ತುಮಾಡಿಕೊಂಡಿದ್ದ ಗೆರೆಗೆ ಅದು ಕೂದಲೆಳೆಯಷ್ಟು ಹಿಂದೆ ಬಿತ್ತು. ಪರೀಕ್ಷಕರು ಗೆರೆಯನ್ನು ಸರಿಸದೆ ಇದ್ದದ್ದನ್ನು ಇದ್ದಂತೆಯೇ ಬರೆದರು.

ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ಬೇರೊಂದು ಸಂಗತಿಯು ಕಂಡುಬಂತು. ಹುಸಿಮದ್ದಿನವರಲ್ಲಿ ನೂರಕ್ಕೆ 12.3 ಮಂದಿಗೆ ನ್ಯುಮೋನಿಯಾ ಆಗಿದ್ದರೆ, ಫ್ಲುಟಿಕಸೋನ್ ಪಡೆದವರಲ್ಲಿ 18.3, ಎರಡನ್ನೂ ಪಡೆದವರಲ್ಲಿ 19.6 ಮಂದಿಗೆ ಆಗಿತ್ತು. ಎದೆಯ ರೋಗಿಗೆ ನ್ಯುಮೋನಿಯಾ ಬಂದರೆ ಯಾವ ವೈದ್ಯನೂ ಆಶ್ಚರ್ಯಪಡುವದಿಲ್ಲ. ಅದು ರೋಗದ ಗುಣವೆಂದೇ ತಿಳಿಯುತ್ತಾನೆ. ಸಾವಿರಾರು ಜನರನ್ನು ಅಕ್ಕಪಕ್ಕದಲ್ಲಿಟ್ಟು ಎಣಿಸಿದ್ದರಿಂದಲೇ ಇದು ಬೆಳಕಿಗೆ ಬಂತು. ಇದರಿಂದ ಆ ಔಷಧವನ್ನು ಎಸೆಯಲಿಲ್ಲ. ಯಾರಿಗೆ ಅದರಿಂದ ಹಾನಿಗಿಂತ ಪ್ರಯೋಜನವು ಹೆಚ್ಚೋ ಅಂಥವರನ್ನು ಆರಿಸಿ ಕೊಡುವದನ್ನು ವೈದ್ಯರು ಕಲಿತರು.

5. ನಿಲ್ಲದೆಹೋದ ಸಂಶಯ

ಪರೀಕ್ಷೆಯು ಮರೆಯಾದ ಹಾನಿಯನ್ನು ಹೊರಗೆಡಹುವಂತೆಯೇ ನಿರಾಧಾರವಾದ ಭಯವನ್ನೂ ಹೋಗಲಾಡಿಸುತ್ತದೆ. ಟಿಯೋಟ್ರೋಪಿಯಮ್ ಎಂಬದು ದಿನಕ್ಕೆ ಒಂದಾವರ್ತಿ ಸೇದುವ ಔಷಧ. ಶ್ವಾಸನಾಳಗಳನ್ನು ಬಿಗಿಯಿರೆಂದು ಹೇಳುವ ನರದ ಅಪ್ಪಣೆಯನ್ನು ಇದು ತಡೆಯುತ್ತದೆ. ಅದೇ ನರವು ಹೃದಯದ ಬಡಿತವನ್ನು ನಿಧಾನಿಸುವ ಕೆಲಸವನ್ನೂ ಮಾಡುವದರಿಂದ ಹೃದಯಕ್ಕೆ ಕೇಡಾದೀತೇ ಎಂಬ ಸಂಶಯಕ್ಕೆ ಎಡೆಯಿತ್ತು. 2008ರ ಸಪ್ಟಂಬರಿನಲ್ಲಿ ಈ ಜಾತಿಯ ಔಷಧಗಳ 17 ಪರೀಕ್ಷೆಗಳನ್ನು, ಅಂದರೆ 14,783 ರೋಗಿಗಳ ಲೆಕ್ಕವನ್ನು, ಒಟ್ಟುಗೂಡಿಸಿದ ಲೇಖನವೊಂದು ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧವಾದ ಮರಣ ಇವು ಔಷಧ ಪಡೆದವರಲ್ಲಿ ನೂರಕ್ಕೆ 1.8, ಇತರರಲ್ಲಿ 1.2 ಎಂದು ಅದರಲ್ಲಿತ್ತು. ಔಷಧವನ್ನು ದಿನವೂ ಸೇದುತ್ತಿದ್ದವರಿಗೆ ಇದು ಸಣ್ಣ ಸುದ್ದಿಯಾಗಿರಲಿಲ್ಲ.

ಮರು ತಿಂಗಳಲ್ಲೇ ‘ಅಪ್‌ಲಿಫ್ಟ್’ ಎಂಬ ಪರೀಕ್ಷೆಯ ಫಲಿತಾಂಶವು ಹೊರಬಂತು. 37 ದೇಶಗಳ 5,993 ರೋಗಿಗಳನ್ನು ಅದರಲ್ಲಿ ನಾಲ್ಕು ವರ್ಷ ನೋಡಿದ್ದರು. ಹುಸಿಮದ್ದಿನವರಿಗೂ ಈ ಒಂದು ಜಾತಿಯ ಔಷಧವನ್ನುಳಿದು ಬೇರೆಲ್ಲ ಶ್ವಾಸೌಷಧಗಳಿಗೆ ಅವಕಾಶವಿತ್ತು. ಹುಸಿಮದ್ದಿನವರಲ್ಲಿ ನೂರಕ್ಕೆ 16.5, ಟಿಯೋಟ್ರೋಪಿಯಮ್ ಪಡೆದವರಲ್ಲಿ 14.9 ಮಂದಿ ತೀರಿಕೊಂಡರು. ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಹೆಚ್ಚಿದ್ದು ಕಾಣಲಿಲ್ಲ. ಶ್ವಾಸಕೋಶದ ಬಲವು ವರ್ಷೇವರ್ಷೇ ಕುಂದುವ ವೇಗವನ್ನು ಈ ಔಷಧವು ತಗ್ಗಿಸುವದೆಂದು ನೆನಸಿದ್ದರು. ಆ ನಿರೀಕ್ಷೆಯು ಸಫಲವಾಗಲಿಲ್ಲ, ಅದನ್ನೂ ಬರೆದರು. ಅಮೇರಿಕದ ಔಷಧ ನಿಯಂತ್ರಣ ಇಲಾಖೆಯು ಲೆಕ್ಕಗಳನ್ನೆಲ್ಲ ಪರಿಶೀಲಿಸಿ, ಸಂಶಯಕ್ಕೆ ಆಧಾರವಿಲ್ಲವೆಂದು 2010ರ ಜನವರಿಯಲ್ಲಿ ತಿಳಿಸಿತು.

ಇಷ್ಟಕ್ಕೆ ಮುಗಿಯಲಿಲ್ಲ. ಅದೇ ಔಷಧವನ್ನು ಪುಡಿಯ ಬದಲು ಮಂಜಿನಂಥ ತುಂತುರಾಗಿ ಕೊಡುವ ಹೊಸ ಯಂತ್ರವು ಬಂದಾಗ, ಅದರಿಂದ ಮರಣಗಳು ಹೆಚ್ಚುವವೆಂದು 2011ರಲ್ಲಿ ಇನ್ನೊಂದು ಲೇಖನವು ಎಚ್ಚರಿಸಿತು. ಇದಕ್ಕೆ ವಾದದಿಂದ ಉತ್ತರ ಸಿಗುವಂತಿರಲಿಲ್ಲ. ‘ಟಿಯೋಸ್ಪಿರ್’ ಎಂಬ ಪರೀಕ್ಷೆಯಲ್ಲಿ 17,135 ರೋಗಿಗಳನ್ನು ಸರಾಸರಿ 2.3 ವರ್ಷ ನೋಡಿದರು. ವಾಡಿಕೆಯ ಪ್ರಮಾಣದ ತುಂತುರನ್ನು ಪಡೆದವರಲ್ಲಿ ನೂರಕ್ಕೆ 7.4, ಪುಡಿಯನ್ನು ಪಡೆದವರಲ್ಲಿ 7.7 ಮಂದಿ ತೀರಿಕೊಂಡಿದ್ದರು. ಅಂದರೆ ತುಂತುರಿನಿಂದ ಹೆಚ್ಚಿನ ಅಪಾಯವಿರಲಿಲ್ಲವೆಂದು 2013ರಲ್ಲಿ ತಿಳಿಯಿತು. ಆದರೂ ಒಂದು ಮಾತನ್ನು ಮರೆಯಕೂಡದು: ಹಿಂದಿನ ಆರು ತಿಂಗಳೊಳಗೆ ಹೃದಯಾಘಾತವಾದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಪರೀಕ್ಷೆಯು ಯಾರನ್ನು ನೋಡಿತೋ ಅವರ ವಿಷಯದಲ್ಲಿ ಮಾತ್ರ ಅದರ ಉತ್ತರವು ಗಟ್ಟಿಯಾದದ್ದು.

6. ಮನೆಯವರ ಪಾಲು

ಈ ಪಾಠದಿಂದ ಗೃಹಕೃತ್ಯಕ್ಕೆ ಸಲ್ಲುವ ಕೆಲವು ಮಾತುಗಳುಂಟು. ಸುದ್ದಿಯೊಂದನ್ನು ಕೇಳಿದ ಮಾತ್ರಕ್ಕೆ ನಿತ್ಯದ ಔಷಧವನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಇನ್‌ಹೇಲರಿನಿಂದ ಸುಖವಾಗುತ್ತಿದೆಯೆಂದು ಹೇಳಿ, ಮೊದಲಿಗಿಂತ ಹೆಚ್ಚು ಸಲ ಬೇಕಾಗುತ್ತಿರುವದನ್ನು ಮುಚ್ಚಿಡಬಾರದು. ಅದು ರೋಗವು ಬೆಳೆಯುತ್ತಿರುವ ಗುರುತು. ಎದೆಬಡಿತ, ಜ್ವರ, ಕಫದ ಬಣ್ಣದ ಬದಲಾವಣೆ, ಮೂತ್ರಕಟ್ಟು ಮುಂತಾದ ಹೊಸ ಲಕ್ಷಣಗಳು ತೋರಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ತಾರೀಖಿನೊಡನೆ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ನಮ್ಮ ದೇಶದಲ್ಲಿ ಔಷಧಗಳ ದುಷ್ಪರಿಣಾಮಗಳನ್ನು ಸಂಗ್ರಹಿಸುವ ಏರ್ಪಾಡು 2010ರಲ್ಲಿ ಆರಂಭವಾಯಿತು. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳುಂಟು. ವೈದ್ಯರಲ್ಲದೆ ರೋಗಿಗಳೂ ಅವುಗಳಿಗೆ ತಿಳಿಸಬಹುದು. ಪರೀಕ್ಷೆಯು ಮುಗಿದು ಔಷಧವು ಅಂಗಡಿಗೆ ಬಂದ ಮೇಲೆ ಎಣಿಕೆಯು ಮುಂದುವರಿಯುವದು ಇಂಥ ವರದಿಗಳಿಂದಲೇ.

ಕಡೆಯದಾಗಿ, ದಾದಿಯರೂ ವೈದ್ಯೆಯರೂ ಆಗಿರುವ ಮತ್ತು ಆಗಲಿರುವ ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಮಾತು. ಅಪ್‌ಲಿಫ್ಟ್ ಪರೀಕ್ಷೆಯಲ್ಲಿ ಹುಸಿಮದ್ದಿನವರಲ್ಲಿ ನೂರಕ್ಕೆ 44.6, ಔಷಧದವರಲ್ಲಿ 36.2 ಮಂದಿ ಮದ್ದನ್ನು ನಡುವೆ ಬಿಟ್ಟರು. ಹೀಗೆ ಬಿಟ್ಟವರಲ್ಲಿ ಹೆಚ್ಚು ನಿತ್ರಾಣರಾದವರೇ ಸೇರಿರಬಹುದು. ಅವರನ್ನು ಲೆಕ್ಕದಿಂದ ಕೈಬಿಟ್ಟರೆ ಉತ್ತರವೇ ತಪ್ಪಾದೀತು. ಆದಕಾರಣ ಅವರ ಮನೆಗಳನ್ನು ವಿಚಾರಿಸಿ, ಬದುಕಿದ್ದಾರೋ ಇಲ್ಲವೋ ಎಂದು ತಿಳಿದು ಬರೆದರು. ಬೇಸರದ ಈ ಕೆಲಸವನ್ನು ಮಾಡಿದವರ ಹೆಸರುಗಳು ಯಾವ ಪತ್ರಿಕೆಯಲ್ಲೂ ಬರುವದಿಲ್ಲ. ಆದರೂ ಹಾಜರಿ ಪುಸ್ತಕದಲ್ಲಿ ಬಾರದ ಹುಡುಗಿಯ ಹೆಸರನ್ನೂ ಕೂಗಬೇಕೆಂದು ಶಾಲೆಯಲ್ಲಿ ಕಲಿತವರು ಈ ಕೆಲಸದ ಬೆಲೆಯನ್ನು ಅರಿಯುವರೆಂದು ನಾವು ನಂಬುತ್ತೇವೆ.