ಪಿಟೀಲಿನ ಕ್ರಯವನ್ನು ಕೊಡತಕ್ಕವರು ಯಾರು?

ದಕ್ಷಿಣ ಅಮೇರಿಕಾ ಖಂಡದಲ್ಲಿ ಸಮುದ್ರತೀರವಿಲ್ಲದ ಪರಾಗ್ವೇ ಎಂಬ ದೇಶವುಂಟು. ಅಲ್ಲಿಯ ಹಳ್ಳಿಗರ ಮನೆಮಾತು ಬಹಳವಾಗಿ ಗ್ವಾರಾನಿ ಭಾಷೆಯೇ. ಇಂಥ ಹಳ್ಳಿಗಳಲ್ಲಿ ಒಕ್ಕಲಿಗರ ಮಕ್ಕಳು ಪಿಟೀಲು, ಚೆಲ್ಲೋ, ಕೊಳಲು ಮುಂತಾದವುಗಳನ್ನು ಹಿಡಿದು ಒಟ್ಟಾಗಿ ಬಾರಿಸುವ ವಾದ್ಯಮೇಳಗಳು ಹೇಗೆ ಉಂಟಾದವು, ಅವುಗಳ ವೆಚ್ಚವನ್ನು ಹೊತ್ತವರು ಯಾರು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಆ ದೇಶಕ್ಕೆ ಈ ವಿದ್ಯೆಯು ಹೊಸದಲ್ಲ. 1609ರಿಂದ ಜೆಸ್ವಿತ ಪಾದ್ರಿಗಳು ಗ್ವಾರಾನಿ ಜನರನ್ನು ಊರುಗಳಾಗಿ ಕೂಡಿಸಿ, ಅವರಿಗೆ ಪಿಟೀಲನ್ನೂ ಹಾರ್ಪನ್ನೂ ಬಾರಿಸುವದಕ್ಕೆ ಮಾತ್ರವಲ್ಲ, ಮಾಡುವದಕ್ಕೂ ಕಲಿಸಿದರು. (ಅವರ ಬೋಧನೆಯಲ್ಲಿ ನಾವು ಒಪ್ಪದ ಸಂಗತಿಗಳು ಇದ್ದಾಗ್ಯೂ, ಈ ಕೆಲಸವನ್ನು ಹೊಗಳದೆ ಇರಲಾಗದು.) ಆದರೆ 1767ರಲ್ಲಿ ಸ್ಪೇನಿನ ಅರಸನು ಆ ಪಾದ್ರಿಗಳನ್ನು ತನ್ನ ರಾಜ್ಯದಿಂದ ಹೊರಡಿಸಿಬಿಟ್ಟ ಮೇಲೆ ಊರುಗಳು ಕ್ರಮೇಣ ಪಾಳುಬಿದ್ದವು, ಕಲಿಸುವ ಏರ್ಪಾಡೂ ಅವುಗಳ ಸಂಗಡ ಕೆಟ್ಟುಹೋಯಿತು.

2002ರಲ್ಲಿ ಲೂಯಿಸ್ ಸಾರಾನ್ ಎಂಬ ವಾದ್ಯಮೇಳದ ನಾಯಕನು ‘ಭೂಮಿಯ ನಾದಗಳು’ ಎಂಬರ್ಥದ ಹೆಸರಿನಿಂದ ಒಂದು ಕಾರ್ಯವನ್ನು ಆರಂಭಿಸಿದನು. ಈತನು 1953ರಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ರೋಮ್ ಪಟ್ಟಣದಲ್ಲಿ ಕಲಿತು ಬಂದವನು. ಪರದೇಶದ ಧರ್ಮನಿಧಿಗಳು ಸಹಾಯಮಾಡಿದವು ನಿಜ. ಆದರೂ ಹಳ್ಳಿಯವರು ತಾವೇ ಒಂದು ಮಂಡಲಿಯಾಗಿ ಕೂಡಿ ತಮ್ಮ ಶಾಲೆಯ ಹೊಣೆಯನ್ನು ಹೊರಬೇಕೆಂಬದು ಅವನ ಕ್ರಮವಾಗಿತ್ತು. ನಮ್ಮ ಸಭೆಗಳಲ್ಲಿ ತಾಯಂದಿರು ಎತ್ತಿಡುವ ಹಿಡಿ ಅಕ್ಕಿಯನ್ನು ಬಲ್ಲವರಿಗೆ ಇದರ ಅರ್ಥವನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕೋ?

ಆದರೆ ಇಷ್ಟು ಹಣವು ಯಾತಕ್ಕೆ ಬೇಕೆಂದು ಕೇಳುವವರಿರಬಹುದು. ಹಾಡುವವನಿಗೆ ಕಂಠವಿದ್ದರೆ ಸಾಕು, ಮೇಳಕ್ಕಾದರೋ ಹಾಗಲ್ಲ. ಪಿಟೀಲು ಮಗುವಿನ ತೋಳಿನ ಅಳತೆಗೆ ತಕ್ಕದ್ದಾಗಿರಬೇಕು. ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಅಳತೆಗಳುಂಟು. ಬೆಳೆಯುವ ಹುಡುಗನಿಗೆ ಒಂದು ಎರಡು ವರುಷಗಳಲ್ಲಿ ವಾದ್ಯವು ಚಿಕ್ಕದಾಗುವದು, ಅಂಗಿಯು ಚಿಕ್ಕದಾಗುವ ಹಾಗೆಯೇ. ಆದದರಿಂದ ಪ್ರತಿಯೊಬ್ಬ ತಂದೆಯು ಕೊಳ್ಳುವದಕ್ಕಿಂತ ಶಾಲೆಯು ವಾದ್ಯಗಳನ್ನು ಇಟ್ಟುಕೊಂಡು, ಅಣ್ಣನು ಬಿಟ್ಟದ್ದನ್ನು ನೆರೆಮನೆಯ ತಮ್ಮನಿಗೆ ಕೊಡುವದು ಉತ್ತಮ. ತಂತಿಗಳು ಸವೆಯುವವು, ಕಮಾನಿನ ಕುದುರೆಕೂದಲನ್ನು ಆಗಾಗ್ಗೆ ಬದಲಿಸಬೇಕು, ಸೆಕೆಗೂ ತೇವಕ್ಕೂ ಅಂಟು ಬಿಡುವದು. ಇದನ್ನು ಸರಿಮಾಡಬಲ್ಲವನು ಪಟ್ಟಣದಲ್ಲಿ ಮಾತ್ರ ಇದ್ದರೆ ಒಂದು ತಂತಿಗಾಗಿ ಒಂದು ತಿಂಗಳ ಪಾಠವು ನಿಲ್ಲುವದು. ಆದಕಾರಣ ವಾದ್ಯಗಳನ್ನು ಮಾಡುವ ಮತ್ತು ದುರಸ್ತಿಮಾಡುವ ಕಸಬನ್ನೂ ಸಾರಾನನ ಕಾರ್ಯದಲ್ಲಿ ಯೌವನಸ್ಥರಿಗೆ ಕಲಿಸಿದರು. ನನ್ನ ಅಭಿಪ್ರಾಯದಲ್ಲಿ ಒಂದು ಗಾಡಿಯ ತುಂಬ ಪಿಟೀಲುಗಳನ್ನು ದಾನಮಾಡುವದಕ್ಕಿಂತ ಇದು ದೊಡ್ಡ ಉಪಕಾರ.

ವೆನೆಜುವೆಲಾ ದೇಶದಲ್ಲಿ ಬೇರೊಂದು ಕ್ರಮವುಂಟು. ಅಲ್ಲಿ 1975ರಲ್ಲಿ ಹೋಸೆ ಅಂತೋನಿಯೋ ಅಬ್ರೇಯು ಎಂಬವನು ಹನ್ನೊಂದು ಮಂದಿ ಯೌವನಸ್ಥರೊಂದಿಗೆ ಆರಂಭಿಸಿದ ಕಾರ್ಯವನ್ನು ಸರಕಾರವೇ ತನ್ನ ಬೊಕ್ಕಸದಿಂದ ಪೋಷಿಸಿತು. 2007ರಲ್ಲಿ ಅಮೇರಿಕಾ ದೇಶಗಳ ಅಭಿವೃದ್ಧಿ ಬ್ಯಾಂಕು ಇದಕ್ಕಾಗಿ 15 ಕೋಟಿ ಡಾಲರು ಸಾಲವನ್ನು ಮಂಜೂರುಮಾಡಿತು. ಅಸಂಖ್ಯ ಬಡ ಮಕ್ಕಳು ಕ್ರಯವಿಲ್ಲದೆ ಕಲಿತರು. ಹಳ್ಳಿಯ ಮಂಡಲಿಗಳಿಂದ ಅಷ್ಟು ದೊಡ್ಡ ಕೆಲಸವು ಆಗುತ್ತಿರಲಿಲ್ಲ ಎಂದು ಒಪ್ಪಲೇಬೇಕು. ಆದರೆ 2014ರ ತರುವಾಯ ಎಣ್ಣೆಯ ಬೆಲೆಯು ಇಳಿದು ದೇಶವು ದಾರಿದ್ರ್ಯಕ್ಕೆ ಬಿದ್ದಾಗ ಅನೇಕ ಶಿಕ್ಷಕರೂ ವಾದಕರೂ ದೇಶವನ್ನೇ ಬಿಟ್ಟುಹೋದರು.

ತಿರಿಗಿ ಪರಾಗ್ವೇಗೆ ಬರೋಣ. ರಾಜಧಾನಿಯಾದ ಆಸುನ್ಸಿಯೋನಿನ ಕಸವನ್ನೆಲ್ಲಾ ಸುರಿಯುವ ಕತೇಉರಾ ಎಂಬ ಸ್ಥಳಕ್ಕೆ ಫಾವಿಯೋ ಚಾವೆಸ್ ಎಂಬವನು 2006ರಲ್ಲಿ ಬೇರೆ ಕೆಲಸದ ನಿಮಿತ್ತ ಬಂದು, ಕಸ ಆಯುವವರ ಮಕ್ಕಳಿಗೆ ಸಂಗೀತವನ್ನು ಕಲಿಸಲಾರಂಭಿಸಿದನು. ಮಕ್ಕಳು ಹೆಚ್ಚು, ವಾದ್ಯಗಳು ಕಡಿಮೆ. ಆಗ ಅಲ್ಲಿಯೇ ಕಸ ಆಯುತ್ತಿದ್ದ ಒಬ್ಬ ಬಡಗಿಯು ಎಣ್ಣೆ ಡಬ್ಬಿ, ಹಳೇ ಮರ, ಊಟದ ಮುಳ್ಳುಚಮಚ ಇವುಗಳಿಂದ ಪಿಟೀಲನ್ನು ಕಟ್ಟಿಕೊಟ್ಟನು; ಎಣ್ಣೆ ಪೀಪಾಯಿಯು ಚೆಲ್ಲೋ ಆಯಿತು, ಎಕ್ಸ್-ರೇ ಹಾಳೆಯು ಡೋಲಿನ ಚರ್ಮವಾಯಿತು. ಆ ಸ್ಥಳದಲ್ಲಿ ಅಂಗಡಿಯ ಪಿಟೀಲಿನ ಕ್ರಯವು ಒಂದು ಮನೆಯ ಕ್ರಯಕ್ಕಿಂತ ಹೆಚ್ಚು. ಅದನ್ನು ಮಗುವಿನ ಕೈಯಲ್ಲಿ ಮನೆಗೆ ಕಳುಹಿಸಿದರೆ ಕಳ್ಳರ ಭಯ, ಇಲ್ಲವೆ ಹಸಿದ ಮನೆಯವರೇ ಮಾರಿಬಿಡುವ ಭಯ. ಡಬ್ಬಿಯ ಪಿಟೀಲನ್ನು ಕೊಳ್ಳುವವರು ಯಾರೂ ಇರಲಿಲ್ಲ. ಆದದರಿಂದ ಮಗುವು ಅದನ್ನು ರಾತ್ರಿ ಮನೆಗೆ ಕೊಂಡುಹೋಗಿ ಅಭ್ಯಾಸಮಾಡಿತು.