ಬೆಳ್ಳಿ ರೂಪಾಯಿಯ ಹೊಳಪು: ಟಂಕಸಾಲೆಯದೋ, ಪಾಲಿಶ್‌ನದೋ?

ಹಳೆಯ ಬೆಳ್ಳಿ ರೂಪಾಯಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ಟಂಕಸಾಲೆಯಿಂದ ಹೊರಬಂದಾಗಲೇ ಅದು ಹಾಗಿತ್ತು, ಅಥವಾ ಆಮೇಲೆ ಯಾರೋ ಉಜ್ಜಿ ಹೊಳೆಯುವಂತೆ ಮಾಡಿದ್ದಾರೆ. ದೂರದಿಂದ ನೋಡಿದರೆ ಎರಡೂ ಒಂದೇ. ಆದರೆ ಸಂಗ್ರಹಕಾರರು ಮೊದಲನೆಯದಕ್ಕೆ ‘ಪ್ರೂಫ್‌ಲೈಕ್’ ಎಂದು ಹೆಸರಿಟ್ಟು ಹೆಚ್ಚು ಬೆಲೆ ಕೊಡುತ್ತಾರೆ. ಎರಡನೆಯದು ಸೀದಾ ತಕ್ಕಡಿಗೆ ಹೋಗುತ್ತದೆ.

ತಕ್ಕಡಿಯ ಲೆಕ್ಕ ಸುಲಭ. ವಿಕ್ಟೋರಿಯಾ ರಾಣಿಯ ಕಾಲದಿಂದ ಐದನೇ ಜಾರ್ಜ್‌ವರೆಗಿನ ಒಂದು ರೂಪಾಯಿ ಸುಮಾರು 11.66 ಗ್ರಾಂ, ಅಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. ಈ ಬೆಳ್ಳಿಯ ಬೆಲೆಯ ಮೇಲೆ ಸಿಗುವ ಹಣ ನಮ್ಮ ಅಕೌಂಟೆನ್ಸಿಯ ಗುಡ್‌ವಿಲ್ ಇದ್ದ ಹಾಗೆ. ಕೈಗೆ ಸಿಗದ ಆಸ್ತಿ, ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಇರುತ್ತದೆ. ಒಂದು ಚಿಟಿಕೆ ಹಲ್ಲುಪುಡಿ ಸಾಕು, ಅದನ್ನು ಸೊನ್ನೆ ಮಾಡಲು.

ನಾನು ಇದನ್ನು ಕಲಿಯಬೇಕಾಗಿ ಬಂದದ್ದು ನಾನಿಯ ಏಳು ರೂಪಾಯಿಗಳಿಂದ. ಅವು ನಾನಿಯ ತಾಯಿಗೆ ಮೆಹರ್ ಆಗಿ ಬಂದ ನಾಣ್ಯಗಳಲ್ಲಿ ಉಳಿದವು. ಆಪಾಗೆ ನರ್ಸಿಂಗ್ ಸೀಟು ಸಿಕ್ಕಿತು, ಫೀಸಿಗೆ ಹಣ ಸಾಲಲಿಲ್ಲ, ನಾನಿಯೇ ಅವನ್ನು ತೆಗೆದುಕೊಟ್ಟರು. ಆರು ನಾಣ್ಯಗಳನ್ನು ಪ್ರತಿ ಈದ್‌ಗೆ ಮನೆಯಲ್ಲಿ ಹಲ್ಲುಪುಡಿ ಹಾಕಿ ತಿಕ್ಕುತ್ತಿದ್ದರು. 1918ರ ಒಂದು ಮಾತ್ರ ಪಾನ್‌ದಾನಿನ ಕೆಳಗಿನ ಖಾನೆಯಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿತ್ತು. ಪೇಟೆಯ ಒಂದು ಅಂಗಡಿಯವರು ಏಳನ್ನೂ ಒಂದೇ ನೋಟದಲ್ಲಿ ನೋಡಿ, “ಎಲ್ಲಾ ಪಾಲಿಶ್ ಆಗಿದೆ, ತೂಕದ ಬೆಲೆ ಅಷ್ಟೇ” ಅಂದರು. ಪೀಣ್ಯದ ಒಂದು ಬಫಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವ ನನ್ನ ಮಾಮು, “ಕೊಡು ಬೇಟಾ, ಚಕ್ರಕ್ಕೆ ಹಿಡಿದು ಇನ್ನೂ ಚಮಕಾಯಿಸಿ ಕೊಡ್ತೀನಿ” ಅಂದರು. ನಾನು ಕೊಡಲಿಲ್ಲ. ಆದರೆ ಮುಂದಿನ ಅರ್ಧ ಪಾಠ ನನಗೆ ಅರ್ಥವಾದದ್ದು ಮಾಮುವಿನಿಂದಲೇ.

ನಾಣ್ಯವನ್ನು ಡೈ ಒತ್ತಿ ಮಾಡುತ್ತಾರೆ. ಪೀಣ್ಯದಲ್ಲಿ ಡೈ ಕೆಲಸ ಮಾಡುವವರ ಮಕ್ಕಳು ನಮ್ಮಲ್ಲಿ ಇದ್ದಾರೆ, ಅವರಿಗೆ ಹೇಳಬೇಕಾಗಿಲ್ಲ: ನಾಣ್ಯದಲ್ಲಿ ಉಬ್ಬಿರುವುದು ಡೈಯಲ್ಲಿ ತಗ್ಗು, ನಾಣ್ಯದಲ್ಲಿ ತಗ್ಗಾಗಿರುವುದು ಡೈಯಲ್ಲಿ ಉಬ್ಬು. ಅಕ್ಷರ, ಚಿತ್ರ ಇಲ್ಲದ ಖಾಲಿ ಜಾಗವನ್ನು ‘ಬಯಲು’ ಎಂದು ಕರೆಯೋಣ. ಡೈಯಲ್ಲಿ ಈ ಬಯಲೇ ಎತ್ತರದ ಭಾಗ. ಟಂಕಸಾಲೆಯವರು ಡೈಯನ್ನು ನುಣುಪಾಗಿ ಉಜ್ಜಿದಾಗ ಬಯಲು ಮಾತ್ರ ಕನ್ನಡಿಯಾಗುತ್ತದೆ, ತಗ್ಗಿನಲ್ಲಿರುವ ರಾಜನ ಮುಖ, ಅಕ್ಷರಗಳಿಗೆ ಆ ಉಜ್ಜು ತಾಗುವುದಿಲ್ಲ. ಅಂಥ ಹೊಸ ಡೈಯಿಂದ ಮೊದಲು ಬಿದ್ದ ನಾಣ್ಯಗಳಲ್ಲಿ ಬಯಲು ಫಳಫಳ, ಮುಖ ಸ್ವಲ್ಪ ಮಂಜು. ಒತ್ತುತ್ತಾ ಹೋದ ಹಾಗೆ ಲೋಹ ಹೊರಕ್ಕೆ ಹರಿದು ಡೈ ಸವೆಯುತ್ತದೆ, ಕನ್ನಡಿ ಮಾಯವಾಗುತ್ತದೆ. ಆಮೇಲಿನ ಹೊಸ ನಾಣ್ಯವನ್ನು ಬಲ್ಬಿನ ಕೆಳಗೆ ತಿರುಗಿಸಿದರೆ ಬೆಳಕು ಚಕ್ರದ ಕಡ್ಡಿಗಳಂತೆ ತಿರುಗುತ್ತದೆ. ಪಾಲಿಶ್ ಮಾಡಿದ್ದರಲ್ಲಿ ಹೊಳಪು ಇರುತ್ತದೆ, ಆದರೆ ಬೆಳಕು ತಿರುಗುವುದಿಲ್ಲ, ಸ್ಟೀಲ್ ಚಮಚದ ಹಾಗೆ ನಿಂತಲ್ಲೇ ನಿಂತಿರುತ್ತದೆ.

ಈಗ ಮುಖ್ಯ ಪರೀಕ್ಷೆ. ವಾಚ್ ರಿಪೇರಿಯವರ ಹತ್ತು ಪಟ್ಟಿನ ಲೆನ್ಸ್ ಹಿಡಿದು ಬಯಲನ್ನು ನೋಡಿ. ಎರಡೂ ಬಗೆಯ ನಾಣ್ಯದಲ್ಲಿ ಕೂದಲೆಳೆಯಂಥ ಗೆರೆಗಳು ಕಾಣಬಹುದು. ಡೈ ಉಜ್ಜುವಾಗ ಡೈಯ ಮೇಲೆ ಬಿದ್ದ ಗೀರು ನಾಣ್ಯದಲ್ಲಿ ಉಬ್ಬು ಗೆರೆಯಾಗಿ ಬರುತ್ತದೆ. ಅದು ಅಕ್ಷರದ ಬುಡದವರೆಗೆ ಬಂದು ನಿಲ್ಲುತ್ತದೆ, ಕೆಲವೊಮ್ಮೆ ಅಕ್ಷರದ ಆಚೆ ಬದಿಯಲ್ಲಿ ಮತ್ತೆ ಶುರುವಾಗುತ್ತದೆ, ಅಕ್ಷರದ ತಲೆಯ ಮೇಲೆ ಮಾತ್ರ ಹತ್ತುವುದಿಲ್ಲ. ಹಲ್ಲುಪುಡಿಯ ಗೀರು ನಾಣ್ಯವನ್ನೇ ಕೊರೆದದ್ದು. ಅದು ತಗ್ಗಾಗಿರುತ್ತದೆ, ರಾಜನ ಕೆನ್ನೆ, ಗಡ್ಡ, ಕಿರೀಟ ಏನನ್ನೂ ಬಿಡದೆ ದಾಟುತ್ತದೆ. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಬ್ಬು, ತಗ್ಗು ಬೇಗ ಗೊತ್ತಾಗುತ್ತದೆ. ಬೇರೆ ಎಲ್ಲ ಗುರುತುಗಳಿಗಿಂತ ನಾನು ಇದನ್ನೇ ನಂಬುತ್ತೇನೆ.

ಎರಡನೆಯದು ಅಂಚು. ಮಾಮು ಒಂದು ಹಿತ್ತಾಳೆ ನಂಬರ್ ಪ್ಲೇಟನ್ನು ಬಟ್ಟೆಯ ಚಕ್ರಕ್ಕೆ ಹಿಡಿದು ತೋರಿಸಿದರು. ಅಂಕಿಗಳ ಮೂಲೆಗಳು ಸಾಬೂನಿನ ಮೇಲಿನ ಅಕ್ಷರದಂತೆ ಗುಂಡಾದವು. ಡೈಯಿಂದ ಬಂದ ಅಕ್ಷರ ಗೋಡೆಯಂತೆ ನೇರವಾಗಿ ಏಳುತ್ತದೆ, ಬಫ್ ಆದ ಅಕ್ಷರ ದಿಬ್ಬದಂತೆ ಇಳಿಜಾರಾಗುತ್ತದೆ. ಮುಖ ಸವೆದು ಹೋಗಿ ಬಯಲು ಮಾತ್ರ ಕನ್ನಡಿಯಂತಿದ್ದರೆ ಆ ನಾಣ್ಯ ಸುಳ್ಳು ಹೇಳುತ್ತಿದೆ ಎಂದೇ ಅರ್ಥ, ಏಕೆಂದರೆ ಮುಖ ಸವೆಯುವಷ್ಟು ಕೈ ಬದಲಿದ ನಾಣ್ಯದ ಬಯಲು ಹಾಗೆ ಉಳಿಯುವುದಿಲ್ಲ. ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ ಸಿಕ್ಕಿಕೊಂಡಿದ್ದರೆ ಲೆನ್ಸೂ ಬೇಡ.

ಐದನೇ ಜಾರ್ಜ್ ರೂಪಾಯಿಯಲ್ಲಿ ಇನ್ನೊಂದು ಒಳ್ಳೆಯ ಗುರುತು ಇದೆ: ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ. 1911ರ ಮೊದಲ ನಾಣ್ಯದಲ್ಲಿ ಅದರ ಸೊಂಡಿಲು ಗಿಡ್ಡವಾಗಿ, ಹಂದಿಯಂತೆ ಕಾಣುತ್ತಿತ್ತು. ಮುಸ್ಲಿಮರಿಂದ ಆಕ್ಷೇಪ ಬಂದು ಸರ್ಕಾರ ಆ ನಾಣ್ಯಗಳನ್ನು ಹಿಂತೆಗೆದುಕೊಂಡಿತು, 1912ರಲ್ಲಿ ಸೊಂಡಿಲನ್ನು ತಿದ್ದಿತು. ಇಷ್ಟು ಸಣ್ಣ ಆನೆ ಪಾಲಿಶ್‌ಗೆ ಬೇಗ ಸಾಯುತ್ತದೆ. ನಾನಿಯ ಆರು ನಾಣ್ಯಗಳಲ್ಲಿ ಒಂದರಲ್ಲೂ ಸೊಂಡಿಲು ಸ್ಪಷ್ಟವಿರಲಿಲ್ಲ.

1918ರದ್ದರಲ್ಲಿ ಇತ್ತು. ಗೆರೆಗಳು ಉಬ್ಬಿದ್ದವು, ಅಕ್ಷರದ ಬುಡದಲ್ಲಿ ನಿಲ್ಲುತ್ತಿದ್ದವು. ಹಿಂಬದಿಯಲ್ಲಿ ಕೆಳಗಿನ ಕಮಲದ ಕೆಳಗೆ ಬಾಂಬೆ ಟಂಕಸಾಲೆಯ ಚುಕ್ಕೆ, ಅಂಚಿನ ಸುತ್ತ ಗಂಧಕ ತಾಗಿ ಬಂದ ಕಂದು ಬಣ್ಣ. ಆ ವರ್ಷ ಮೊದಲ ಮಹಾಯುದ್ಧದಿಂದಾಗಿ ನಮ್ಮಲ್ಲಿ ಬೆಳ್ಳಿಗೆ ಬರ ಬಂದು, ಜನ ನೋಟು ಕೊಟ್ಟು ರೂಪಾಯಿ ಕೇಳುತ್ತಿದ್ದರು. ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಿತು, ಆ ಬೆಳ್ಳಿ ಇಲ್ಲಿನ ಟಂಕಸಾಲೆಗಳಿಗೆ ಬಂತು. ಪಾನ್‌ದಾನಿನ ರೂಪಾಯಿಯಲ್ಲೂ ಅಮೆರಿಕದ ಡಾಲರ್ ಸ್ವಲ್ಪ ಇರಬಹುದು ಎಂದಾಗ ನಾನಿ ನಂಬಲಿಲ್ಲ, ನಕ್ಕರು.

ಆರು ನಾಣ್ಯ ತೂಕಕ್ಕೆ ಹೋಗಿ ಆಪಾಳ ಮೊದಲ ಕಂತಿನಲ್ಲಿ ಸೇರಿದವು. ಏಳನೆಯದನ್ನು ಇನ್ನೊಬ್ಬ ವ್ಯಾಪಾರಿ ಲೆನ್ಸಿನಲ್ಲಿ ಬಹಳ ಹೊತ್ತು ನೋಡಿ, ಬೆಳ್ಳಿಯ ಬೆಲೆಗಿಂತ ಚೆನ್ನಾಗಿಯೇ ಮೇಲಿನ ಮೊತ್ತ ಹೇಳಿದರು. ನಾನಿ ಇನ್ನೂ ‘ಹೂಂ’ ಅಂದಿಲ್ಲ.

ಟಿಪ್ಪು ಸುಲ್ತಾನರ ನಾಣ್ಯಗಳ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅವರ ರೂಪಾಯಿಯ ಹೆಸರು ಇಮಾಮಿ, ಎರಡು ರೂಪಾಯಿಯದು ಹೈದರಿ, ಅರ್ಧದ್ದು ಆಬಿದಿ, ಕಾಲಿನದು ಬಾಖಿರಿ. ಅವೆಲ್ಲ ಸುತ್ತಿಗೆಯಿಂದ ಹೊಡೆದ ನಾಣ್ಯಗಳು. ಕೆಲವು ನಾಣ್ಯಗಳಲ್ಲಿ ಫಾರಸಿ ಅಕ್ಷರಗಳು ಅಂಚಿನಲ್ಲಿ ಕತ್ತರಿಸಿ ಹೋಗಿರಬಹುದು. ಅದರಲ್ಲಿ ಯಂತ್ರದ ಕನ್ನಡಿ ಹೊಳಪು ಹುಡುಕಬಾರದು. ಕನ್ನಡಿಯಂಥ ಇಮಾಮಿಯನ್ನು ಯಾರಾದರೂ ಟಂಕಸಾಲೆಯ ಹೊಳಪು ಎಂದು ಹೆಚ್ಚಿನ ಬೆಲೆಗೆ ತೋರಿಸಿದರೆ ಕೈ ಹಾಕಬೇಡಿ.

ಮನೆಯಲ್ಲಿ ಬೆಳ್ಳಿ ರೂಪಾಯಿ ಇರುವವರು ಅದನ್ನು ತೊಳೆಯದೆ, ಹುಣಸೆಹಣ್ಣು ತಾಗಿಸದೆ, ಅಂಚನ್ನು ಮಾತ್ರ ಹಿಡಿದು ನೋಡಿ. ನನ್ನ ಲೆನ್ಸ್ ಬ್ಯಾಗಿನಲ್ಲೇ ಇರುತ್ತದೆ, ಊಟದ ಬಿಡುವಿನಲ್ಲಿ ಸೆಕೆಂಡ್ ಪಿಯು ಕಾಮರ್ಸ್ ಕ್ಲಾಸಿಗೆ ಬಂದರೆ ಒಟ್ಟಿಗೆ ನೋಡೋಣ. 1911ರ ಆನೆ ಯಾರ ಬಳಿಯಾದರೂ ಇದ್ದರೆ ಮೊದಲು ಬನ್ನಿ.