ಫ್ರಾಂಚೈಸಿ ಅಂಗಡಿ: ಸಹಿ ಹಾಕುವ ಮೊದಲಿನ ಎರಡು ತಿಂಗಳು

ನಮ್ಮ ಚಿಕ್ಕಪ್ಪನ ಮನೆಯ ಅಟ್ಟದ ಮೇಲೆ ಇಂದಿಗೂ ಹದಿನಾಲ್ಕು ರಟ್ಟಿನ ಡಬ್ಬಗಳಿವೆ. ಒಳಗಿರುವುದು ಪೇಪರ್ ಕಪ್ಪುಗಳು, ಒಂದೊಂದರ ಮೇಲೂ ಒಂದು ಟೀ ಕಂಪನಿಯ ಹೆಸರು. ಚಿಕ್ಕಪ್ಪನ ಮಗ ಬಸ್‌ಸ್ಟ್ಯಾಂಡಿನ ಎದುರು ಆ ಕಂಪನಿಯ ಫ್ರಾಂಚೈಸಿ ತೆಗೆದುಕೊಂಡು ಹದಿಮೂರು ತಿಂಗಳಿಗೆ ಬಾಗಿಲು ಹಾಕಿದ. ಹೆಸರು ಅಚ್ಚಾದ ಕಪ್ಪನ್ನು ಬೇರೆ ಯಾರೂ ಕೊಳ್ಳುವುದಿಲ್ಲ, ಕಂಪನಿಯೂ ವಾಪಸ್ ತೆಗೆದುಕೊಳ್ಳಲಿಲ್ಲ. ಹುಡುಗ ಮೈಗಳ್ಳನಲ್ಲ, ಬೆಳಗ್ಗೆ ಐದಕ್ಕೇ ಶಟರ್ ಎತ್ತುತ್ತಿದ್ದ. ಅವನು ಎಡವಿದ್ದು ಆಯ್ಕೆಯಲ್ಲಿ. ಅಂಗಡಿ ತೆರೆದ ಮೇಲೆ ತಿದ್ದಿಕೊಳ್ಳಲು ಆಗುವುದು ಬಹಳ ಕಡಿಮೆ. ಸಹಿಗೆ ಮೊದಲು ಎರಡು ತಿಂಗಳು ಬಿಡುವು ಮಾಡಿಕೊಂಡು ಈ ಕೆಲಸಗಳನ್ನು ಮಾಡಿ.

ಮೊದಲ ಹಂತ: ಯಾರು ನಿಲ್ಲುತ್ತಾರೆ?

ಗಲ್ಲಾಪೆಟ್ಟಿಗೆಯ ಹಿಂದೆ ದಿನಾ ನಿಲ್ಲುವವರು ನೀವೋ, ಮನೆಯವರೋ, ಸಂಬಳದವರೋ ತೀರ್ಮಾನಿಸಿ. ನೀವು ದುಡ್ಡು ಹಾಕಿ ಕಂಪನಿಯವರೇ ನಡೆಸುವ ಪದ್ಧತಿಗೆ ಫೋಕೋ ಎನ್ನುತ್ತಾರೆ, ನೀವೇ ನಡೆಸುವುದು ಫೋಫೋ. ತಿಂಗಳಿಗೆ ಇಷ್ಟು ಖಾತ್ರಿ ಎನ್ನುವ ಫೋಕೋ ಮಾತಿನಿಂದ ಮೊದಲ ಸಲದವರು ದೂರವಿರುವುದು ಒಳ್ಳೆಯದು. ಅಲ್ಲಿ ಅಂಗಡಿಯ ಕೀಲಿ ನಿಮ್ಮ ಕೈಯಲ್ಲಿರುವುದಿಲ್ಲ.

ಎರಡನೇ ಹಂತ: ಕಂಪನಿಯ ಜಾತಕ

ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಲು ದುಡ್ಡು ಬೇಕಿಲ್ಲ. ಹೋಟೆಲ್, ಟೀ ಅಂಗಡಿಯಂಥ ಸೇವೆಗೆ 43ನೇ ವರ್ಗ ನೋಡಿ. ಆ ಹೆಸರು ನಿಜಕ್ಕೂ ನೋಂದಣಿಯಾಗಿದೆಯೋ, ಆಕ್ಷೇಪಣೆಯಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲೇ ತಿಳಿಯುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಅವರ ಲೆಕ್ಕಪತ್ರ ತೆಗೆಸಿ, ಪರಿಚಯದ ಆಡಿಟರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಇವರ ಆದಾಯ ನಡೆಯುತ್ತಿರುವ ಅಂಗಡಿಗಳಿಂದ ಬರುತ್ತಿದೆಯೋ, ಹೊಸಬರಿಂದ ವಸೂಲು ಮಾಡುವ ಫ್ರಾಂಚೈಸಿ ಫೀಸಿನಿಂದಲೋ? ಎರಡನೆಯದಾದರೆ ಅಂಗಡಿ ಮುಚ್ಚಿದರೂ ಅವರಿಗೆ ನಷ್ಟವಿಲ್ಲ.

ದೊಡ್ಡ ಹೆಸರಾದರೆ ಬೇರೆ ಭಯ. ಅಮುಲ್ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ತೆರೆದು, ಪಾರ್ಲರ್ ಕೊಡಿಸುತ್ತೇವೆಂದು ಮುಂಗಡ ಕಿತ್ತುಕೊಂಡ ಪ್ರಕರಣಗಳಾಗಿ, ಸ್ವತಃ ಅಮುಲ್ ಎಚ್ಚರಿಕೆ ಹೊರಡಿಸಿದೆ. ಯಾರದೋ ಸ್ವಂತ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮೂರನೇ ಹಂತ: ಮುಚ್ಚಿದವರನ್ನು ಹುಡುಕಿ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವ ಕಂಪನಿ ಸಹಿಗೆ ಕನಿಷ್ಠ 14 ದಿನ ಮೊದಲು ತನ್ನ ವಿವರಗಳ ದಸ್ತಾವೇಜು ಕೊಡಬೇಕು, ಬಿಟ್ಟುಹೋದವರ ಪಟ್ಟಿಯೂ ಅದರಲ್ಲಿರಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಕಂಪನಿ ಕೊಡುವುದು ಚೆನ್ನಾಗಿ ನಡೆಯುತ್ತಿರುವ ಮೂರು ಅಂಗಡಿಗಳ ನಂಬರು ಮಾತ್ರ. ಉಳಿದವರನ್ನು ನೀವೇ ಹುಡುಕಬೇಕು. ಗೂಗಲ್ ಮ್ಯಾಪಿನಲ್ಲಿ ಆ ಹೆಸರು ಹಾಕಿ, ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದು ತೋರಿಸುವ ಜಾಗಗಳಿಗೆ ಹೋಗಿ, ಪಕ್ಕದ ಅಂಗಡಿಯವರನ್ನು ವಿಚಾರಿಸಿ. ಹೀಗೆ ಹುಡುಕಿಕೊಂಡು ಹೋದಾಗ ತುಮಕೂರಿನಲ್ಲಿ ಒಬ್ಬ ಅಕ್ಕ ಸಿಕ್ಕಿದರು. ಹುರುಳಿಕಾಯಿ ಸೋಸುತ್ತಲೇ ಹೇಳಿದರು: “ಮೊದಲ್ನೇ ತಿಂಗ್ಳು ಜನ ಬಂದ್ರು ಅಂತ ನಂಬ್ಬೇಡಿ ಸಾರ್. ಅವ್ರು ಹೊಸ ಬೋರ್ಡ್ ನೋಡೋಕೆ ಬಂದೋರು. ನಾಲ್ಕನೇ ತಿಂಗ್ಳು ಯಾರ್ ಬರ್ತಾರೋ ಅವ್ರೇ ಗಿರಾಕಿ.” ಕನಿಷ್ಠ ಇಬ್ಬರು ಇಂಥವರನ್ನು ಕಾಣದೆ ಮುಂದಿನ ಹಂತಕ್ಕೆ ಹೋಗಬೇಡಿ.

ನಾಲ್ಕನೇ ಹಂತ: ಕಪ್ಪಿನ ಲೆಕ್ಕ

ಕಂಪನಿಯ ಬಣ್ಣದ ಹಾಳೆಯನ್ನು ಪಕ್ಕಕ್ಕಿಟ್ಟು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉದಾಹರಣೆಗೆ, 20 ರೂಪಾಯಿಯ ಟೀ ದಿನಕ್ಕೆ 250 ಕಪ್ ಹೋಯಿತೆನ್ನಿ. ತಿಂಗಳಿಗೆ 1,50,000 ರೂಪಾಯಿ ವ್ಯಾಪಾರ. ಸಾಮಗ್ರಿಗೆ ಶೇ. 40 ಎಂದರೆ 60,000. ಬಾಡಿಗೆ 30,000, ಇಬ್ಬರು ಕೆಲಸದವರಿಗೆ 36,000, ಗ್ಯಾಸು ಕರೆಂಟಿಗೆ 10,000. ಶೇ. 6ರ ರಾಯಲ್ಟಿ 9,000, ಅದರ ಮೇಲೆ ಶೇ. 18 ಜಿಎಸ್‌ಟಿ 1,620. ಕೈಯಲ್ಲಿ ಉಳಿಯುವುದು 3,380 ರೂಪಾಯಿ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ರಾಯಲ್ಟಿ ಕಟ್ಟುವುದು ಸಾಮಾನ್ಯವಾಗಿ ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ನಷ್ಟದ ತಿಂಗಳೂ ತಪ್ಪುವುದಿಲ್ಲ. ಇನ್ನು ಶೇ. 5ರ ಜಿಎಸ್‌ಟಿಯಲ್ಲಿರುವ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಆದ್ದರಿಂದ ಆ 1,620 ನಿಮ್ಮ ಜೇಬಿನಿಂದಲೇ. ‘ನಮ್ಮಲ್ಲಿ ರಾಯಲ್ಟಿಯೇ ಇಲ್ಲ’ ಎನ್ನುವವರ ಟೀ ಪುಡಿಯ ಬೆಲೆಯನ್ನು ಪೇಟೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಅದು ಎಲ್ಲಿ ಅಡಗಿದೆಯೆಂದು ಗೊತ್ತಾಗುತ್ತದೆ.

10 ಲಕ್ಷ ಸಾಲ ಮಾಡಿದ್ದರೆ, ಶೇ. 11 ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 21,700. ಮನೆ ಖರ್ಚಿಗೆ 25,000 ಸೇರಿಸಿದರೆ ದಿನಕ್ಕೆ ಸುಮಾರು 390 ಕಪ್ ಹೋಗಬೇಕು. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಹೆಚ್ಚುಕಡಿಮೆ ಎರಡು ನಿಮಿಷಕ್ಕೊಂದು ಕಪ್, ಭಾನುವಾರವೂ ಸೇರಿ.

ಐದನೇ ಹಂತ: ಜಾಗದ ಮುಂದೆ ಕುಳಿತು ಎಣಿಸಿ

ಅದೇ ರಸ್ತೆಯಲ್ಲಿ ಈಗಾಗಲೇ ಇರುವ ಟೀ ಅಂಗಡಿಯ ಎದುರು ಮೂರು ದಿನ ಕುಳಿತುಕೊಳ್ಳಿ: ಒಂದು ಸೋಮವಾರ, ಒಂದು ಸಂತೆಯ ದಿನ, ಒಂದು ಭಾನುವಾರ. ಗಂಟೆಗೆಷ್ಟು ಕಪ್ ಹೋಯಿತೆಂದು ಗೆರೆ ಎಳೆದು ಗುರುತು ಹಾಕಿ. ರಸ್ತೆಯಲ್ಲಿ ಓಡಾಡುವ ಜನ ಬೇರೆ, ನಿಂತು ಟೀ ಕುಡಿಯುವ ಜನ ಬೇರೆ.

ಆರನೇ ಹಂತ: ಒಪ್ಪಂದ

ಇಂಗ್ಲಿಷಿನಲ್ಲಿದ್ದರೆ ವಕೀಲರಿಂದ ಪ್ರತಿ ಕಲಮನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಫ್ರಾಂಚೈಸಿ ಐದು ವರ್ಷಕ್ಕೆ, ಮಳಿಗೆಯ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಎಂದಾದರೆ ಮಾಲೀಕರು ಖಾಲಿ ಮಾಡಿಸಿದ ದಿನ ನಿಮ್ಮ ಪೀಠೋಪಕರಣವೆಲ್ಲ ಬೀದಿಗೆ. ಎಷ್ಟು ಕಿಲೋಮೀಟರ್ ಒಳಗೆ ಇನ್ನೊಬ್ಬರಿಗೆ ಕೊಡುವುದಿಲ್ಲ, ಡಿಪಾಸಿಟ್ ಯಾವಾಗ ವಾಪಸ್, ವ್ಯಾಜ್ಯ ಯಾವ ಊರಿನ ಕೋರ್ಟಿನಲ್ಲಿ ಎಂಬುದೆಲ್ಲ ಬರಹದಲ್ಲಿರಲಿ. ಹೆಸರು ಅಚ್ಚಾದ ಕಪ್ಪು, ಉಳಿದ ಸಾಮಗ್ರಿಯನ್ನು ಕಂಪನಿಯೇ ವಾಪಸ್ ಪಡೆಯಬೇಕೆಂದು ಒಂದು ಸಾಲು ಸೇರಿಸಿ ಎಂದು ಕೇಳಿ. ಬೇರೆಯವರ ಮಾಲು ಮಾರಬಾರದೆಂಬ ಷರತ್ತೂ ಇದೆಯೇ ನೋಡಿಕೊಳ್ಳಿ. ಒಪ್ಪಂದ ನಡೆಯುತ್ತಿರುವಾಗ ಅನ್ವಯಿಸುವ ಇಂಥ ಷರತ್ತನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಒಪ್ಪಿದೆ. ಮುಗಿದ ಮೇಲೂ ಆ ವ್ಯಾಪಾರ ಮಾಡಬಾರದೆಂದರೆ 1872ರ ಒಪ್ಪಂದ ಕಾಯ್ದೆಯ 27ನೇ ಕಲಮು ಅಡ್ಡ ಬರುತ್ತದೆ. ಕಂಪನಿಯವರು ಹಾಗೆ ಹೆದರಿಸಿದರೆ ಈ ಕಲಮನ್ನು ನೆನಪಿಡಿ.

ಏಳನೇ ಹಂತ: ಒಂದು ವಾರ ಕೆಲಸಕ್ಕೆ ನಿಲ್ಲಿ

ಅವರದೇ ಯಾವುದಾದರೂ ಅಂಗಡಿಯಲ್ಲಿ ಸಂಬಳವಿಲ್ಲದೆ ಏಳು ದಿನ ದುಡಿಯಿರಿ. ಬೇಡವೆನ್ನುವ ಕಂಪನಿಯನ್ನು ಅಲ್ಲಿಗೇ ಬಿಟ್ಟುಬಿಡಿ. ಹಾಲು ಒಡೆದ ದಿನ, ಕೆಲಸದವನು ಬಾರದ ದಿನ, ಮಿಷನ್ ಕೆಟ್ಟ ದಿನ, ಇವುಗಳಲ್ಲಿ ಒಂದಾದರೂ ಆ ವಾರದಲ್ಲಿ ಬರಬಹುದು. ಆಗ ಅಂಗಡಿಯವರು ಕಂಪನಿಗೆ ಫೋನ್ ಮಾಡುವಾಗ ಪಕ್ಕದಲ್ಲೇ ನಿಂತು, ಯಾರು ಎತ್ತುತ್ತಾರೆ, ಎಷ್ಟನೇ ಸಲಕ್ಕೆ ಎತ್ತುತ್ತಾರೆ ನೋಡಿ.